ಹಳೇ ಪದ್ಧತಿ

“ಕೈ ನಡುಗಿಸಬೇಡಿ. ನೂಲು ಯಾವ ಕಡೆಗೆ ವಾಲುತ್ತೆ ನೋಡಿ, ಅಷ್ಟೇ,” ಎಂದಳು ತರಬೇತುಗಾರ್ತಿ.

ಕಂಪ್ಯೂಟರ್ ಕಪಾಟಿನ ಖಾಲಿ ಗೂಡಿನ ಮುಂದೆ ಎಂಜಿನಿಯರ್ ಒಬ್ಬ ಹಿಡಿದಿದ್ದ ಬಿಳಿ ನೂಲು ಒಳಕ್ಕೆ ಹೋಗುವ ಬದಲು ಅವನ ಮುಖದ ಕಡೆಗೇ ಹಾರಿತು. ಹಿಂಬದಿಯ ಬಿಸಿಗಾಳಿ ಆ ಗೂಡಿನಿಂದ ನುಗ್ಗಿ ಮುಂಬದಿಯ ತಂಪಿನ ಜೊತೆ ಬೆರೆಯುತ್ತಿತ್ತು.

“ಕಂಡ್ರಾ? ಈ ಕಡೆಯಿಂದ ಕಷ್ಟಪಟ್ಟು ತಣ್ಣಗೆ ಮಾಡೋದು, ಆ ಕಡೆಯಿಂದ ಪುಕ್ಕಟೆ ಬಿಸಿ ಮಾಡೋದು. ಒಂದು ತಗಡು ಮುಚ್ಚಿದ್ರೆ ಮುಗೀತು.”

ಡೇಟಾ ಸೆಂಟರುಗಳಲ್ಲಿ ವಿದ್ಯುತ್ತು ಎಲ್ಲೆಲ್ಲಿ ಪೋಲಾಗುತ್ತದೆಂದು ಅಳೆದು, ಅದನ್ನು ತಡೆಯುವುದನ್ನು ಎಂಜಿನಿಯರುಗಳಿಗೆ ಕಲಿಸುವುದು ಅವಳ ಕೆಲಸ. ತರಗತಿಯ ಪಾಠ ಮುಗಿದಿತ್ತು. ಇವತ್ತು ನಿಜವಾದ ಕಟ್ಟಡದಲ್ಲಿ ಅಭ್ಯಾಸ. ಈ ಕಟ್ಟಡವೇ ಸಿಗುತ್ತದೆಂದು ಅವಳು ಅಂದುಕೊಂಡಿರಲಿಲ್ಲ. ಬಾಗಿಲ ಬಳಿ, ಕುತ್ತಿಗೆಯವರೆಗೆ ಸ್ವೆಟರ್ ಏರಿಸಿಕೊಂಡು ನಿಂತಿದ್ದ ಕೂಲಿಂಗ್ ವಿಭಾಗದ ಮುಖ್ಯಸ್ಥರು ಅವಳ ಚಿಕ್ಕಪ್ಪ. ಅಪ್ಪ ತೀರಿಕೊಂಡ ಮೇಲೆ ಅವಳು ಬೆಳೆದದ್ದು ಅವರ ಮನೆಯಲ್ಲೇ. ಯಂತ್ರಕ್ಕೆ ಕಿವಿಗೊಟ್ಟು ಅದರ ಸುಖದುಃಖ ತಿಳಿಯುವುದನ್ನು ಅವಳಿಗೆ ಕಲಿಸಿದವರೂ ಅವರೇ. ಬೆಳಿಗ್ಗೆ ಎಲ್ಲರ ಎದುರು ಅವರು ಗುರುತು ತೋರಿಸಲಿಲ್ಲ. ಅವಳಿಗೆ ಮುಜುಗರವಾಗದಿರಲಿ ಅಂತ ಇರಬೇಕು. ಅವಳೂ ತೋರಿಸಲಿಲ್ಲ.

“ಹದಿನೇಳು ಡಿಗ್ರಿ!” ಮಾಪಕ ಹಿಡಿದಿದ್ದವನು ಕೂಗಿದ. “ಇಪ್ಪತ್ತನಾಲ್ಕು ಇದ್ರೂ ನಡೆಯುತ್ತೆ ಅಂದ್ರಲ್ಲ ಮೇಡಂ? ಇಲ್ಲಿ ಕಂಪ್ಯೂಟರ್ ಇಟ್ಟಿದಾರೋ, ಹೆಣ ಇಟ್ಟಿದಾರೋ?”

ಎಲ್ಲರೂ ಗೊಳ್ಳೆಂದು ನಕ್ಕರು. ಅವಳಿಗೂ ನಗು ಬಂತು. ತಡೆದುಕೊಳ್ಳುವಷ್ಟರಲ್ಲಿ ತುಟಿಯಿಂದಾಚೆ ಬಂದುಬಿಟ್ಟಿತ್ತು. ಚಿಕ್ಕಪ್ಪ ನೆಲ ನೋಡುತ್ತಾ ಸ್ವೆಟರಿನ ಜಿಪ್ಪನ್ನು ಇನ್ನೊಂದು ಚೂರು ಮೇಲಕ್ಕೆಳೆದುಕೊಂಡರು.

ಅಲ್ಲಿ ಯಾಕೆ ಅಷ್ಟು ಚಳಿ ಎಂಬುದು ನಕ್ಕವರಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ಹಿಂದೆ ಒಂದು ಬೇಸಿಗೆಯಲ್ಲಿ ಕೂಲಿಂಗ್ ಯಂತ್ರ ಕೈಕೊಟ್ಟು, ಅರ್ಧ ಕಟ್ಟಡದ ಕಂಪ್ಯೂಟರುಗಳು ಒಂದರ ಹಿಂದೊಂದು ನಿಂತುಹೋಗಿದ್ದವು. ಆ ಯಂತ್ರಕ್ಕೆ ವಯಸ್ಸಾಗಿದೆ, ಬದಲಾಯಿಸಿ ಎಂದು ಬಾಯಿ ನೋಯುವಷ್ಟು ಹೇಳಿದ್ದವರು ಚಿಕ್ಕಪ್ಪ. ಆಗಲ್ಲ ಎಂದವರು ಮೇಲಿನವರು. ಆದರೂ ಗಿರಾಕಿಗಳೆದುರು ನಿಂತು ಉಗಿಸಿಕೊಂಡದ್ದು ಚಿಕ್ಕಪ್ಪನೇ. ಆವತ್ತು ಮನೆಗೆ ಬಂದವರು ಶೂ ಕೂಡ ಬಿಚ್ಚದೆ ಹೊಸ್ತಿಲ ಮೇಲೆ ಕೂತುಬಿಟ್ಟಿದ್ದರು. ಆಮೇಲೆ ಮೇಲಿನವರು ಹೊಸ ಯಂತ್ರ ಕೊಡಿಸಿದರು. ಆದರೆ ಎರಡೇ ಸಾಕಾಗುವಲ್ಲಿ ಚಿಕ್ಕಪ್ಪ ಮೂರನ್ನೂ ಹಗಲಿರುಳು ಓಡಿಸತೊಡಗಿದರು. ಇನ್ನೊಂದು ಸಲ ಹಾಗೆ ನಿಲ್ಲಲು ಅವರಿಂದ ಆಗುತ್ತಿರಲಿಲ್ಲ.

ಮಧ್ಯಾಹ್ನ ಸಭೆಯ ಕೋಣೆಯಲ್ಲಿ ಎಂಜಿನಿಯರುಗಳು ತಾವು ಅಳೆದದ್ದನ್ನು ಒಪ್ಪಿಸಿದರು. ಕಟ್ಟಡಕ್ಕೆ ಬರುವ ವಿದ್ಯುತ್ತಿನಲ್ಲಿ ಅರ್ಧ ಮಾತ್ರ ಕಂಪ್ಯೂಟರುಗಳನ್ನು ಮುಟ್ಟುತ್ತಿತ್ತು. ಮಿಕ್ಕದ್ದರಲ್ಲಿ ಹೆಚ್ಚಿನದನ್ನು ನುಂಗುತ್ತಿದ್ದುದು ಕೂಲಿಂಗ್. ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಚೆನ್ನಾಗಿ ಕಲಿತಿದ್ದಾರೆ ಎಂದು ಅವಳಿಗೆ ಹೆಮ್ಮೆಯೇ ಆಯಿತು. ಆಗ, ಹಿಂದಿನ ಸಾಲಿನಲ್ಲಿ ಕೂತಿದ್ದ, ಆ ಕಟ್ಟಡಕ್ಕೆ ಈಚೆಗಷ್ಟೇ ಬಂದಿದ್ದ ಮ್ಯಾನೇಜರ್ ಕೇಳಿದ:

“ಇಷ್ಟು ವರ್ಷ ಹೀಗೇ ನಡೀತಿತ್ತಾ? ಯಾಕೆ ಮೇಡಂ? ಕಾರಣ ಏನು?”

ಚಿಕ್ಕಪ್ಪ ಕತ್ತೆತ್ತಿ ಅವಳನ್ನು ನೋಡಿದರು. ಬೇಡಿಕೊಂಡ ಹಾಗೇನೂ ಅಲ್ಲ. ಹೇಳುತ್ತಾಳೆ ಎಂದುಕೊಂಡ ಹಾಗೆ. ಆ ಬೇಸಿಗೆಯ ಸಂಗತಿ ಅವಳ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ, ನಿಮಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತಿತ್ತು. ಇವರು ನನ್ನ ಚಿಕ್ಕಪ್ಪ ಅನ್ನಬೇಕಾಗುತ್ತಿತ್ತು. ಸ್ವಂತದವರ ಹುಳುಕು ಮುಚ್ಚುತ್ತಿದ್ದಾಳೆ ಎಂದು ಇಡೀ ತರಗತಿ ಅಂದುಕೊಳ್ಳುತ್ತಿತ್ತು.

“ಹಳೇ ಪದ್ಧತಿ, ಸರ್,” ಎಂದಳು. “ಕೆಲವು ಕಡೆ ಇರುತ್ತೆ.”

ಮ್ಯಾನೇಜರ್ ತಲೆಯಾಡಿಸಿದ. ಚಿಕ್ಕಪ್ಪ ಎದ್ದು, ಕುರ್ಚಿಯನ್ನು ಸದ್ದಾಗದಂತೆ ಮೇಜಿನ ಒಳಕ್ಕೆ ಸರಿಸಿ, ಹೊರಗೆ ಹೋದರು.

ಕೆಲವು ವಾರಗಳಾದ ಮೇಲೆ ಚಿಕ್ಕಮ್ಮನ ಫೋನು ಬಂತು. “ನಿಮ್ಮ ಚಿಕ್ಕಪ್ಪನ್ನ ಮನೇಲಿ ಕೂರಿಸಿದ್ರು ಕಣೇ. ಹೊರಗಿನ ಕಂಪನಿಯವ್ರು ಬಂದು ನೋಡ್ಕೋತಾರಂತೆ. ನಿಮ್ಮದೆಲ್ಲ ಹಳೇ ಪದ್ಧತಿ ಅಂದ್ರಂತೆ. ಅದ್ಯಾವ ಪದ್ಧತಿಯೋ ಏನೋ, ನಂಗೊಂದೂ ತಿಳಿಯಲ್ಲ. ನೀನಾದ್ರೂ ಒಂದು ಮಾತು ಹೇಳಬಾರದಾಗಿತ್ತಾ? ನಿಂಗೆ ಅಲ್ಲಿಯವ್ರೆಲ್ಲ ಗೊತ್ತಲ್ಲ.”

“ನೋಡ್ತೀನಿ ಚಿಕ್ಕಮ್ಮ,” ಎಂದಳು. ನೋಡಲಿಲ್ಲ. ಏನೆಂದು ನೋಡುವುದು?

ಮುಂದಿನ ತಂಡವನ್ನು ಅದೇ ಕಟ್ಟಡಕ್ಕೆ ಕರೆದುಕೊಂಡು ಹೋಗಬೇಕಾಯಿತು. ಸುಧಾರಿಸಿದ ಮೇಲೆ ಹೇಗಿರುತ್ತದೆಂದು ತೋರಿಸಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಖಾಲಿ ಗೂಡುಗಳಿಗೆಲ್ಲ ತಗಡು ಬಿದ್ದಿತ್ತು. ಮೂರರಲ್ಲಿ ಒಂದು ಕೂಲಿಂಗ್ ಯಂತ್ರ ಬಂದ್ ಆಗಿತ್ತು. ಎಲ್ಲ ಅವಳ ಪಾಠದಲ್ಲಿದ್ದ ಹಾಗೆಯೇ. ಆದರೆ ಹಿಂದಿನ ತಂಡದ ಲೆಕ್ಕದ ಹಾಳೆ ಹಿಡಿದು ಕಟ್ಟಡದ ಮುಖ್ಯ ಮೀಟರಿನ ಮುಂದೆ ನಿಂತ ಹುಡುಗಿಯೊಬ್ಬಳು ಹುಬ್ಬು ಗಂಟಿಕ್ಕಿದಳು.

“ಮೇಡಂ, ಒಟ್ಟು ವಿದ್ಯುತ್ತು ಮೊದಲಿನಷ್ಟೇ ಇದೆಯಲ್ಲ?”

ಮ್ಯಾನೇಜರ್ ನಗುತ್ತಾ ಹಿಂದಿನ ಹಜಾರದ ಬಾಗಿಲು ತೆರೆದ. ಅಲ್ಲಿ ಸಾಲು ಸಾಲು ಹೊಸ ಕಪಾಟುಗಳು, ಇನ್ನೂ ಪ್ಲಾಸ್ಟಿಕ್ ಹೊದಿಕೆಯ ವಾಸನೆ, ಎಲ್ಲದರಲ್ಲೂ ಮಿಣುಕುವ ಹಸಿರು ದೀಪ. “ಉಳಿದ ಕರೆಂಟನ್ನ ಸುಮ್ನೆ ಬಿಡೋಕಾಗುತ್ತಾ? ಹೊಸ ಗಿರಾಕಿಗಳು ಕ್ಯೂ ನಿಂತಿದ್ರು. ಎಲ್ಲ ನಿಮ್ಮ ಪುಣ್ಯ ಮೇಡಂ.”

“ಹಾಗಾದ್ರೆ ಉಳಿದದ್ದೇನು?” ಹುಡುಗಿ ಬಿಡಲಿಲ್ಲ.

“ಕಂಪ್ಯೂಟರುಗಳು ಮಾಡೋ ಕೆಲಸಕ್ಕೆ ಹೋಲಿಸಿದ್ರೆ ಪೋಲಾಗೋದು ಕಡಿಮೆಯಾಗಿದೆ. ನಾವು ಅಳೆಯೋದು ಅದನ್ನ,” ಎಂದಳು ತರಬೇತುಗಾರ್ತಿ. ಸರಿಯಾದ ಉತ್ತರವೇ. ಹುಡುಗಿ ಬರೆದುಕೊಂಡಳು.

ಅಲ್ಲಿಂದ ಅವಳು ನೇರ ಚಿಕ್ಕಪ್ಪನ ಮನೆಗೆ ಹೋದಳು. ಬಾಗಿಲು ತೆರೆದವರು ಅವರೇ. ಗಡ್ಡ ಬೋಳಿಸಿರಲಿಲ್ಲ. ಯಾವಾಗಲೂ “ಬಂದ್ಯೇನೇ” ಎನ್ನುತ್ತಿದ್ದವರು, ಇವತ್ತು “ಬನ್ನಿ. ಕೂತ್ಕೊಳ್ಳಿ,” ಎಂದರು.

ಒಳಗಿನಿಂದ ಬರುತ್ತಿದ್ದ ಚಿಕ್ಕಮ್ಮ ಆ ಮಾತು ಕೇಳಿ ಅಡುಗೆಮನೆಯ ಬಾಗಿಲಲ್ಲೇ ನಿಂತರು.

ಅವಳು ಕುರ್ಚಿಯ ತುದಿಯಲ್ಲಿ ಕೂತಳು. ಚಿಕ್ಕಪ್ಪನೇ ಮೊದಲು ಕೇಳಿದರು: “ಅಲ್ಲಿಗೆ ಹೋಗಿದ್ರಾ?”

“ಹೂಂ, ಈಗ ಅಲ್ಲಿಂದಲೇ.”

“ಕಿಟಕಿ ಪಕ್ಕದ ಮೆಷಿನ್ನಿನ ಬೇರಿಂಗು ಕಿರುಗುಟ್ಟುತಿತ್ತು. ಹಾಕ್ಸಿದ್ರಾ ಹೊಸದು?”

“ಅದನ್ನ ಬಂದ್ ಮಾಡಿದಾರೆ ಚಿಕ್ಕಪ್ಪ.”

ಅವರು ತಲೆಯಾಡಿಸಿದರು. “ಬಂದ್ ಮಾಡಿದ್ರೂ ವಾರಕ್ಕೊಂದ್ಸಲ ಓಡಿಸ್ಬೇಕು. ಇಲ್ದಿದ್ರೆ ಹಿಡ್ಕೊಂಡ್‌ಬಿಡುತ್ತೆ,” ಎಂದರು. ಯಾರಿಗೆ ಹೇಳಿದರೋ.

“ಚಿಕ್ಕಪ್ಪ, ಆವತ್ತು ನಾನು—”

“ನೀವು ಹೇಳಿದ್ದು ಸರಿಯಾಗೇ ಇತ್ತಲ್ಲ.”

ಚಿಕ್ಕಮ್ಮ ತಂದಿಟ್ಟ ಲೋಟದ ನೀರನ್ನು ಅವಳು ಪೂರ್ತಿ ಕುಡಿದಳು, ಬಾಯಾರಿಕೆ ಇರದಿದ್ದರೂ. ಎದ್ದು, “ಬರ್ತೀನಿ,” ಎಂದಳು. ಚಿಕ್ಕಪ್ಪ ಬಾಗಿಲವರೆಗೆ ಬಂದರು. “ಹೂಂ,” ಎಂದರು.

ಹೊರಗೆ ಜಗಲಿಯ ಮೇಲೆ ಬಗ್ಗಿ ಅವಳು ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದಳು. ಒಂದು ಕಾಲಿನದು ಮುಗಿದಿತ್ತು. ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ, ಹಿಂದೆ, ಚಿಲಕ ನಿಧಾನವಾಗಿ ಜಾರಿ ಕೂತ ಸದ್ದು ಕೇಳಿಸಿತು.