ಹಿಲ್ಮಾ ಕೆತ್ತಿಟ್ಟ ದಿಮ್ಮಿ

ಶವಪೆಟ್ಟಿಗೆ ಹೊತ್ತವರು ಕೊಟ್ಟಿಗೆಯ ಬಾಗಿಲಲ್ಲೇ ನಿಂತುಬಿಟ್ಟರು. ಸತ್ತ ಹಿಲ್ಮಾಳ ಮಗ ವೈನೊ ಎರಡೂ ಕೈ ಚಾಚಿ ಅಡ್ಡ ನಿಂತಿದ್ದ.

“ಚರ್ಚಿಗೇ ತಗೊಂಡು ಹೋಗೋಣ ಅಕ್ಕ. ಹಿಂದಿನ ಗೋಡೆಯ ಅಡಿದಿಮ್ಮಿ ಲಡ್ಡಾಗಿದೆ. ಮೇಲೆ ಬಿದ್ದರೆ ಊರವರಿಗೂ ಗುಂಡಿ ತೋಡಬೇಕಾಗುತ್ತೆ.”

“ಕೊನೇ ಪ್ರಾರ್ಥನೆ ಇಲ್ಲೇ ಅಂತ ಅಮ್ಮನೇ ಹೇಳಿದ್ದು. ಪಕ್ಕಕ್ಕೆ ಸರಿ,” ಎಂದಳು ಐಲಿ.

“ಆಯ್ತು, ಪ್ರಾರ್ಥನೆ ಮುಗಿಸ್ಕೊಳ್ಳಿ. ಸೋಮವಾರ ಕೊಟ್ಟಿಗೆ ಬಿಚ್ಚಿಸಿ ಕೊಂಡುಹೋಗೋಕೆ ವ್ಯಾಪಾರಿ ಬರ್ತಾನೆ. ಹಳೇ ದಿಮ್ಮಿ ಅಂದ್ರೆ ಪಟ್ಟಣದ ಹೋಟೆಲಿನವರು ಬಾಯಿಬಾಯಿ ಬಿಡ್ತಾರೆ. ಗೋಡೆಗೆ ಅಲಂಕಾರಕ್ಕಂತೆ.”

ಮುಂದೆ ಹೆಗಲು ಕೊಟ್ಟಿದ್ದ ನೆರೆಮನೆಯ ಮುದುಕ ಕಾರ್ಲೊ ಅವನನ್ನು ಮೊಣಕೈಯಿಂದಲೇ ಸರಿಸಿ ಒಳಗೆ ನಡೆದ.

*

ಫಿನ್ಲೆಂಡಿನಿಂದ ಮೊಂಟಾನಾದ ಆ ಕಣಿವೆಗೆ ಬಂದವರ ದನ ಸಾಕುವ ರ‍್ಯಾಂಚುಗಳಲ್ಲಿ ಕೊಟ್ಟಿಗೆಯ ಗೋಡೆಗೆ ಮೊಳೆ ಹೊಡೆಯುತ್ತಿರಲಿಲ್ಲ. ಮೇಲಿನ ದಿಮ್ಮಿಯ ಹೊಟ್ಟೆ ಕೆತ್ತಿ ಕೆಳಗಿನದರ ಬೆನ್ನಿಗೆ ಕೂರಿಸುವುದು, ಮೂಲೆಯಲ್ಲಿ ಕಚ್ಚು ಹಾಕಿ ಬಿಗಿಯುವುದು. ಸಂದಿಗೆ ಚಾಕುವಿನ ಮೊನೆಯೂ ಇಳಿಯಬಾರದು.

ಹಿಲ್ಮಾಳ ಗಂಡ ತೀರಿಕೊಂಡ ವರ್ಷವೇ ಸಿಡಿಲು ಬಡಿದು ಕೊಟ್ಟಿಗೆಯ ಒಂದು ಮೂಲೆ ಸುಟ್ಟುಹೋಯಿತು. ಆಗಿನ್ನೂ ಹರೆಯದ ಕಾರ್ಲೊ ಬೇಲಿಯಾಚೆ ನಿಂತು, “ತಗಡು ಹೊಡೆಸಿಬಿಡು ಹಿಲ್ಮಾ. ದಿಮ್ಮಿ ಕೂಡಿಸೋದು ಗಂಡಸರ ಕೆಲಸ,” ಎಂದ.

“ಹಾಗಂತ ಮರಕ್ಕೆ ಗೊತ್ತಾ?”

ಬೇಸಿಗೆಯಿಡೀ ಅವಳು ಕುದುರೆ ಕಟ್ಟಿ ದಿಮ್ಮಿ ಎಳೆಸಿದಳು, ಕೊಡಲಿ ಆಡಿಸಿದಳು. ಮೊದಲನೆಯದನ್ನು ತಪ್ಪಾಗಿ ಕೆತ್ತಿ ಒಲೆಗೆ ಹಾಕಿದಳು. ಎರಡನೆಯದೂ ಒಲೆಗೇ ಹೋಯಿತು. ಪುಟ್ಟ ಐಲಿ ತಮ್ಮನನ್ನು ಸೊಂಟಕ್ಕೇರಿಸಿಕೊಂಡು ನೋಡುತ್ತಿದ್ದಳು. ಹಿಮ ಬೀಳುವ ಮೊದಲು ಮೂಲೆ ಎದ್ದು ನಿಂತಿತು. ಕಾರ್ಲೊ ಬಂದು ಜೇಬಿನ ಚಾಕು ತೆಗೆದು ಸಂದಿಗೆ ಒತ್ತಿ ನೋಡಿದ. ಮೊನೆ ಇಳಿಯಲಿಲ್ಲ. ಚಾಕು ಮಡಿಸಿಟ್ಟುಕೊಂಡ.

*

ಮಣ್ಣು ಕೊಟ್ಟು ಬಂದವರು ಕಾಫಿ, ಏಲಕ್ಕಿ ಬ್ರೆಡ್ಡಿಗೆ ಕೂತರು. ಐಲಿ ಕೂರಲಿಲ್ಲ. ಕೊಟ್ಟಿಗೆಯ ಹಿಂದೆ ಹೋಗಿ ಟಾರ್ಪಾಲು ಎಳೆದಳು. ಅಡಿಯಲ್ಲಿ ತೊಗಟೆ ಸುಲಿದ ಹೊಸ ದಿಮ್ಮಿ. ಲಡ್ಡಾದದ್ದರ ಬದಲಿಗೆಂದು ಚಳಿಗಾಲಕ್ಕೆ ಮುಂಚೆ ಹಿಲ್ಮಾ ಕೆತ್ತಿಟ್ಟಿದ್ದು. ಕೂರಿಸುವಷ್ಟು ಕಾಲ ಅವಳಿಗೆ ಸಿಗಲಿಲ್ಲ.

“ಅರ್ಧ ಕೊಟ್ಟಿಗೆ ನನ್ನದು,” ಎಂದಳು, ಹಿಂದೆಯೇ ಬಂದ ವೈನೊನಿಗೆ. “ನನ್ನ ಅರ್ಧ ನಿಂತಿರುತ್ತೆ. ನಿನ್ನದನ್ನ ಹೇಗೆ ಬಿಚ್ಚುತ್ತೀಯೋ ಬಿಚ್ಚು.”

“ಸಾವಿನ ದಿನ ಇದೆಲ್ಲ ಬೇಕಾ ಅಕ್ಕ?”

“ಸಾವಿನ ದಿನ ವ್ಯಾಪಾರದ ಮಾತೆತ್ತಿದ್ದು ಯಾರು?”

ಕಾಫಿ ಕಪ್ಪು ಹಿಡಿದೇ ಬಂದಿದ್ದ ಕಾರ್ಲೊ ಅದನ್ನು ಕೆಳಗಿಟ್ಟು ಕೋಟು ಬಿಚ್ಚಿದ. “ಗೋಡೆ ಎತ್ತೋ ಜಾಕ್ ಎಲ್ಲಿದೆ ಮಗಳೇ?”

“ನಿಮ್ಮ ಬೆನ್ನು ನೋಡ್ಕೊಳ್ಳಿ ಮಾವ.”

“ಎತ್ತೋದು ಜಾಕು, ಬೆನ್ನಲ್ಲ.”

ಒಬ್ಬೊಬ್ಬರಾಗಿ ಉಳಿದವರೂ ಎದ್ದು ಬಂದರು. ಪಾದ್ರಿಯೂ ಅಂಗಿಯ ತೋಳು ಮಡಚಿದ. ಗೋಡೆ ನರಳುತ್ತ ಮೇಲೆದ್ದಿತು. ಲಡ್ಡು ದಿಮ್ಮಿಯನ್ನು ಹೊರಗೆಳೆದರು. ಹೊಸದು ಅರ್ಧಕ್ಕೆ ಹೋಗಿ ಸಿಕ್ಕಿಕೊಂಡಿತು. ಇನ್ನೊಂದು ಹೆಗಲು ಬೇಕಿತ್ತು. ಐಲಿ ಯಾರನ್ನೂ ಕರೆಯಲಿಲ್ಲ. ವೈನೊ ಬಹಳ ಹೊತ್ತು ನೋಡುತ್ತ ನಿಂತಿದ್ದ. ಆಮೇಲೆ ಪಾಲಿಶ್ ಮಾಡಿದ ಬೂಟಿನಲ್ಲೇ ಸಗಣಿ ಕೆಸರಿಗಿಳಿದು ಹೆಗಲು ಕೊಟ್ಟ. ದಿಮ್ಮಿ ಸರಿಯಿತು.

ಜಾಕ್ ಇಳಿಸಿದರು. ಗೋಡೆ ಕೂತಿತು. ಏನೂ ಅಲುಗಲಿಲ್ಲ.

“ವ್ಯಾಪಾರಿಗೆ ಏನಂತ ಹೇಳಲಿ?” ಎಂದ ವೈನೊ.

“ಅಕ್ಕ ಹಾಲು ಕರೀತಿದ್ದಾಳೆ, ಪುರುಸೊತ್ತಿಲ್ಲ ಅಂತ ಹೇಳು.”

ಐಲಿ ಕಪ್ಪು ಲಂಗದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ ಬೇಲಿಯ ಗೇಟು ತೆಗೆದಳು. ಹಸುಗಳು ಸಾಲಾಗಿ ಒಳಗೆ ಬಂದವು. ಶವಪೆಟ್ಟಿಗೆ ಇಡಲೆಂದು ನೆಲಕ್ಕೆ ಹಾಸಿದ್ದ ಸ್ಪ್ರೂಸ್ ಮರದ ಹಸಿರು ಟೊಂಗೆಗಳು ಹಾಗೇ ಇದ್ದವು. ಮುಂದಿದ್ದ ಹಸು ತಲೆ ತಗ್ಗಿಸಿ ಮೂಸಿ, ಒಂದು ಟೊಂಗೆಯನ್ನು ಬಾಯಿಗೆಳೆದುಕೊಂಡು ಮೆಲ್ಲತೊಡಗಿತು.