ಕತ್ತರಿಸಿದ ನಲವತ್ತು ಸೆಕೆಂಡು

ಎದೆಗೆ ಕಟ್ಟಿದ ಅಳತೆಯ ಪಟ್ಟಿ ಸಡಿಲವಾಗಿರಬೇಕು ಎಂದುಕೊಂಡ. ಬೇರೇನೂ ಆಗಿರಲಿಕ್ಕಿಲ್ಲ. ಪರದೆಯ ಮೇಲಿನ ಎರಡು ಗೆರೆಗಳು, ಒಂದು ಉಸಿರಿನದು, ಇನ್ನೊಂದು ಎದೆಬಡಿತದ್ದು, ಇಷ್ಟು ಹೊತ್ತೂ ಜೊತೆಯಾಗಿ ಏರಿಳಿದಿದ್ದವು. ಅವನು ಗಾಜಿನ ಕೋಣೆಯೊಳಗೆ ಹೋಗಿ ಬಂದ ನಲವತ್ತು ಸೆಕೆಂಡಿನಲ್ಲಿ ಮಾತ್ರ ಎಣ್ಣೆ ಸೀಗೆಕಾಯಿಯಾಗಿದ್ದವು.

ಗಾಜಿನ ಆಚೆ ಚಾಪೆಯ ಮೇಲೆ ನಿಂತು ನಿಧಾನವಾಗಿ ತೋಳೆತ್ತಿ ಇಳಿಸುತ್ತಿದ್ದವಳು ಅವನ ಹೆಂಡತಿ. ಇಂಥ ನಿಧಾನ ಚಲನೆಯಿಂದ ಉಸಿರಿಗೂ ಬಡಿತಕ್ಕೂ ಹೊಂದಾಣಿಕೆ ಬರುತ್ತದೆಯೇ ಎಂಬುದು ಅವನ ಸಂಶೋಧನೆ. ಉಸಿರೆಳೆದಾಗ ಬಡಿತ ಚುರುಕು, ಬಿಟ್ಟಾಗ ನಿಧಾನ. ಮನಸ್ಸು ತಿಳಿಯಾಗಿದ್ದರೆ ಎರಡೂ ಒಂದೇ ಲಯ. ಜನ ಕಡಿಮೆ ಬಿದ್ದರೆಂದು ಎಂಟು ವಾರದ ಹಿಂದೆ ಅವನೇ ಅವಳನ್ನು ಸೇರಿಸಿದ್ದ. ಅಳತೆಯೆಲ್ಲ ಸಹಾಯಕಿಯದು, ಕೊನೆಯ ದಿನವೆಂದು ಇವತ್ತು ಅವನೂ ಬಂದಿದ್ದ. ಇಪ್ಪತ್ಮೂರು ಜನರಲ್ಲಿ ಇವಳಷ್ಟು ಚೆಂದದ ಗೆರೆ ಯಾರದೂ ಇರಲಿಲ್ಲ.

"ಪಟ್ಟಿ ಜಾರಿದೆಯಾ ನೋಡಿ," ಎಂದ ಸಹಾಯಕಿಗೆ.

ಅವಳು ಒಳಗೆ ಹೋಗಿ ಹೆಂಡತಿಯ ಎದೆಯ ಸುತ್ತಿನ ಪಟ್ಟಿ ಮುಟ್ಟಿ ನೋಡಿ ಏನೋ ಹೇಳಿದಳು. ಇಬ್ಬರೂ ಮಾತಾಡಿದರು, ನಕ್ಕರು. ಗೆರೆಗಳು ತುಸು ಅಲುಗಿ ಮತ್ತೆ ಜೊತೆಗೂಡಿದವು.

"ಸರಿಯಾಗೇ ಇದೆ ಸರ್."

ಒಮ್ಮೆ ಆದದ್ದು ಆಕಸ್ಮಿಕವಿರಬಹುದು. ಇನ್ನೊಮ್ಮೆ ನೋಡದೆ ನಂಬುವವನಲ್ಲ ಅವನು. ಎದ್ದು ಹೋಗಿ ಬಾಗಿಲ ಒಳಗೆ ನಿಂತ.

"ಏನಾದ್ರೂ ತಪ್ಪಾಯ್ತಾ?" ಹೆಂಡತಿ ಕೇಳಿದಳು.

"ಇಲ್ಲ. ನೀನು ಮಾಡ್ತಿರು."

"ನಿಂತಿದ್ದೀರಲ್ಲ, ಅದಕ್ಕೆ ಕೇಳಿದೆ."

"ಸುಮ್ನೆ."

ಅವಳ ಮುಖ ಶಾಂತವಾಗಿತ್ತು. ಹದಿನಾಲ್ಕು ವರ್ಷದಿಂದ ನೋಡಿದ ಮುಖ. ನಮ್ಮ ಮನೆಯಲ್ಲಿ ಒಂದು ದಿನವೂ ದನಿ ಏರಿದ್ದಿಲ್ಲ ಎಂದು ಅವನು ಕಂಡಕಂಡವರಿಗೆ ಹೇಳಿಕೊಂಡಿದ್ದು ಈ ಮುಖದ ಬಲದ ಮೇಲೆ.

ಹೊರಗೆ ಬಂದು ನೋಡಿದ. ಬಾಗಿಲು ತೆರೆದಲ್ಲಿಂದ ಮುಚ್ಚುವವರೆಗೆ ಉಸಿರು ಮೇಲೆಮೇಲೆ, ಬಡಿತ ತನ್ನ ಪಾಡಿಗೆ ತಾನು. ಮಾತಾಡಿದ್ದಕ್ಕೆ ಎನ್ನೋಣವೆಂದರೆ ಸಹಾಯಕಿಯ ಜೊತೆಗೂ ಮಾತಾಡಿದ್ದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಡವೆನ್ನುತ್ತಾರೆ. ಅವನಿಗೆ ಬೇಕಾಯಿತು, ಅದೂ ಇಲಾಖೆ ಮಂಜೂರು ಮಾಡಿದ ಕನ್ನಡಿ. ನೋವಾಯಿತು. ಯಂತ್ರ ಎಷ್ಟು ನಿಖರವಾಗಿದೆ ಎಂಬ ಖುಷಿಯೂ ಆಯಿತು. ಆ ಖುಷಿಗೆ ನಾಚಿಕೆಪಟ್ಟ.

"ಆ ಎರಡು ತುಂಡು ಕತ್ತರಿಸಿಬಿಡೋಣ ಸರ್," ಎಂದಳು ಸಹಾಯಕಿ, ಬೇರೆಲ್ಲೋ ನೋಡುತ್ತ. "ಕೆಟ್ಟಿರೋ ಭಾಗ ತೆಗೀತೀವಲ್ಲ."

"ಕಾರಣ ಬರೀಬೇಕಲ್ಲ."

"ಕೆಮ್ಮು ಅಂತ ಬರೀಲಾ?"

"ಅವಳು ಕೆಮ್ಮಲಿಲ್ಲ."

"ಹೌದು."

ಕಾರಣ ಗುರುತಿಸುವ ನಮೂನೆಯನ್ನು ತಾನೇ ಎಳೆದುಕೊಂಡ. ಕೆಮ್ಮು, ಮಾತು, ಪಟ್ಟಿ ಸಡಿಲ, ಇತರೆ. 'ಇತರೆ'ಯ ಮುಂದೆ 'ಒಬ್ಬರು ಒಳಗೆ ಬಂದರು' ಎಂದು ಬರೆದು ಸಹಿ ಹಾಕಿದ. ಸುಳ್ಳೇನಲ್ಲ.

ಹೊರಡುವಾಗ ಹೆಂಡತಿ ಕೇಳಿದಳು, "ಹೇಗಿತ್ತು ನಂದು?"

"ಎಲ್ಲರಿಗಿಂತ ಚೆನ್ನಾಗಿದೆ."

"ಹೌದಾ," ಎಂದು ಚೀಲ ಹೆಗಲಿಗೇರಿಸಿ ಹೋದಳು. ಅವಳಿಗೆ ಗೊತ್ತಿತ್ತೋ ಇಲ್ಲವೋ. ಕೇಳಬಹುದಿತ್ತು. ಕೇಳಿದರೆ ಅವಳು ಶಾಂತವಾಗಿಯೇ ಉತ್ತರಿಸುತ್ತಿದ್ದಳು, ಅದೇ ಅವನಿಗೆ ಭಯ.

ಸಂಜೆ ಮೂರನೇ ಮಹಡಿ ಹತ್ತಿ ಮನೆಯ ಬಾಗಿಲ ಮುಂದೆ ನಿಂತ. ಒಳಗೆ ಬರಿಗಾಲು ನೆಲಕ್ಕೆ ತಾಗುವ ಸದ್ದು, ದೀರ್ಘವಾದ ಉಸಿರು. ಅಭ್ಯಾಸ ಮಾಡುತ್ತಿದ್ದಳು. ಯಾವ ಹಾಡನ್ನೋ ಗುನುಗುತ್ತಲೂ ಇದ್ದಳು. ಅವಳು ಗುನುಗುತ್ತಾಳೆಂಬುದೇ ಅವನಿಗೆ ಹೊಸ ಸುದ್ದಿ.

ಎದುರು ಮನೆಯ ಹಿರಿಯರು ತರಕಾರಿ ಹಿಡಿದು ಮೇಲೆ ಬಂದರು. "ಯಾಕಪ್ಪಾ, ಮನೇಲಿ ಯಾರೂ ಇಲ್ವಾ?"

"ಇದ್ದಾಳೆ."

"ಬೀಗದಕೈ ಮರೆತ್ಯಾ?"

"ಇಲ್ಲ, ಇದೆ."

"ಮತ್ತೆ?"

"ಅವಳು ಸ್ವಲ್ಪ ಹೊತ್ತು ಹೀಗೇ ಇರ್ಲಿ ಅಂತ."

ಅವರು ಅವನ ಮುಖವನ್ನೊಮ್ಮೆ ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವನು ಅಲುಗದೆ, ಸದ್ದಾಗದಂತೆ ನಿಂತೇ ಇದ್ದ. ಜನರ ಚಲನೆ ಕಂಡರೆ ಮಾತ್ರ ಉರಿಯುವ ಮೆಟ್ಟಿಲ ದೀಪ, ಅಲ್ಲಿ ಯಾರೂ ಇಲ್ಲವೆಂದು ತಿಳಿದು ಆರಿಹೋಯಿತು. ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು.