ಮುರಿದ ಸೂಜಿಯ ತುದಿ

ಬೆರಳಿಗೆ ‘ಟಕ್’ ಎಂದು ತಾಕಿದಾಗ ದಾರ ಹರಿಯಿತೇನೋ ಅಂದುಕೊಂಡಳು. ಸೂಜಿಯನ್ನು ಬೆಳಕಿಗೆ ಹಿಡಿದರೆ ತುದಿಯೇ ಇಲ್ಲ. ಅರ್ಧ ಅಕ್ಕಿಕಾಳಿನಷ್ಟು ಉಕ್ಕು ಎಲ್ಲಿಗೋ ಹಾರಿಹೋಗಿತ್ತು.

ಎರಡಾಳೆತ್ತರದ ಉಪಗ್ರಹದ ಬುಡದಲ್ಲಿ ಅವಳು ಮಂಡಿಯೂರಿ ಕೂತಿದ್ದಳು. ಮೈತುಂಬ ಬಿಳಿ ಉಡುಪು, ತಲೆಗೆ ಟೋಪಿ, ಮೂಗಿಗೆ ಬಟ್ಟೆ. ಕಣ್ಣೆರಡು ಬಿಟ್ಟರೆ ಬೇರೇನೂ ಹೊರಗೆ ಕಾಣದ ಹಾಗೆ. ಬಾಕಿ ಇದ್ದದ್ದು ಹನ್ನೊಂದು ಹೊಲಿಗೆ. ಅದಾದರೆ ಹೊದಿಕೆಯ ಕೆಲಸ ಮುಗಿದಂತೆ.

ಹದಿನೆಂಟು ವರ್ಷ ಶಾಲಾ ಮಕ್ಕಳ ಸಮವಸ್ತ್ರ ಹೊಲಿದವಳು ಅವಳು. ಮೂರು ವರ್ಷದ ಹಿಂದೆ, ಕೈಹೊಲಿಗೆ ಬಲ್ಲವರು ಬೇಕು ಎಂದು ಉಪಗ್ರಹ ಕಟ್ಟುವವರು ಹುಡುಕಿಕೊಂಡು ಬಂದಾಗ ಯಾರೋ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಿದ್ದಳು. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಬೆಳ್ಳಿಬಣ್ಣದ ಹಾಳೆಗಳನ್ನು ಇಪ್ಪತ್ತು ಪದರ ಜೋಡಿಸಿ, ಒಂದೂ ಹರಿಯದಂತೆ ಹೊಲಿದು ತೋರಿಸಿದ ದಿನವೇ ಕೆಲಸಕ್ಕೆ ಕರೆದರು. ಅಂದಿನಿಂದ ಎಲ್ಲರಿಗೂ ಅವಳು ‘ಟೈಲರಮ್ಮ’. ಅವಳ ಅತ್ತೆಯಂತೂ ಅಕ್ಕಪಕ್ಕದವರಿಗೆಲ್ಲ ಹೇಳಿಯಾಗಿತ್ತು: “ನಮ್ಮ ಸೊಸೆ ಉಪಗ್ರಹಕ್ಕೆ ರಜಾಯಿ ಹೊಲೀತಾಳೆ. ಮೇಲೆ ತುಂಬಾ ಚಳಿಯಂತೆ, ಪಾಪ.”

ಅದುವರೆಗೂ ಅವರ ಪುಟ್ಟ ದೇಶ ಫೋನಿಗೂ ಟೀವಿಗೂ ಬೇರೆಯವರ ಉಪಗ್ರಹಗಳನ್ನೇ ನೆಚ್ಚಿಕೊಂಡಿತ್ತು. ಇದು ಇಲ್ಲೇ, ಇಲ್ಲಿನವರೇ ಕಟ್ಟಿದ ಮೊದಲನೆಯದು. ಎರಡು ಸಲ ದಿನಾಂಕ ಮುಂದೆ ಹೋದಾಗ ಪತ್ರಿಕೆಗಳು ಆಡಿಕೊಂಡು ನಕ್ಕಿದ್ದವು. ಹಾರಿಸುವ ರಾಕೆಟ್ ಪರದೇಶದ್ದು. ಹತ್ತು ದಿನದಲ್ಲಿ ಉಪಗ್ರಹ ಅಲ್ಲಿಗೆ ಹೋಗುವ ಹಡಗು ಹತ್ತದಿದ್ದರೆ ಮತ್ತೆ ಸರದಿ ಬರಲು ಹದಿನಾಲ್ಕು ತಿಂಗಳು.

ಟಾರ್ಚು ಹಿಡಿದು ನೆಲವನ್ನೆಲ್ಲ ತಡಕಿದಳು. ತೋಳಿನ ಮಡಿಕೆ, ಕೈಗವಸು, ಮಂಡಿಯ ಕೆಳಗಿನ ಮೆತ್ತೆ, ಎಲ್ಲ ನೋಡಿದಳು. ಎಲ್ಲೂ ಇಲ್ಲ.

“ಏನು ಹುಡುಕ್ತಾ ಇದ್ದೀರಿ ಅಕ್ಕಾ?” ಎಂದು ಬಂದವನು ವೈರಿಂಗ್ ನೋಡಿಕೊಳ್ಳುವ ತಂತ್ರಜ್ಞ. ಕರೆಂಟು ಅಳೆಯುವ ಮೀಟರನ್ನು ಕೈಯಿಂದ ಇಳಿಸದವನಾದ್ದರಿಂದ ಅವನನ್ನು ಎಲ್ಲರೂ ‘ಮೀಟರ್’ ಅಂತಲೇ ಕರೆಯುತ್ತಿದ್ದರು.

ಅವಳು ಮುರಿದ ಸೂಜಿ ತೋರಿಸಿದಳು. ಅವನ ಹುಬ್ಬು ಮೇಲೇರಿತು.

“ಯಾರಾದ್ರೂ ನೋಡಿದ್ರಾ?”

“ನೀನೇ ಮೊದಲು.”

ಅವನು ಆಚೀಚೆ ನೋಡಿ ದನಿ ತಗ್ಗಿಸಿದ. “ಇಂಥದ್ದೇ ಸೂಜಿ ಮನೇಲಿ ಇರುತ್ತಲ್ವಾ? ನಾಳೆ ತಂದು ಸೂಜಿ ಡಬ್ಬಿಗೆ ಹಾಕ್ಬಿಡಿ, ಎಣಿಸೋವಾಗ ಲೆಕ್ಕ ಸರಿಹೋಗುತ್ತೆ. ಅಷ್ಟು ಚೂರಿಂದ ಏನಾಗುತ್ತೆ ಹೇಳಿ. ಬಿಚ್ಚೋಕೆ ಶುರು ಮಾಡಿದ್ರೆ ನಾವ್ಯಾರೂ ಈ ವರ್ಷ ಉದ್ಧಾರ ಆಗಲ್ಲ.”

“ಏನೂ ಆಗಲ್ವಾ?”

ಅವನು ತಡವರಿಸಿದ. ಸುಳ್ಳು ಹೇಳುವುದು ಅವನಿಗೂ ಅಭ್ಯಾಸವಿರಲಿಲ್ಲ. “ಎರಡು ತಂತಿ ಮಧ್ಯೆ ಹೋಗಿ ಕೂತ್ರೆ ಆಗುತ್ತೆ. ಅಲ್ಲಿಗೆ ಹೋಗಿ ರಿಪೇರಿ ಮಾಡೋರು ಯಾರೂ ಇಲ್ಲ.”

ಅವಳ ತಂಗಿ ಬೆಟ್ಟಗಳಾಚೆ ಒಂದು ಸಣ್ಣ ಆಸ್ಪತ್ರೆಯಲ್ಲಿ ಸೂಲಗಿತ್ತಿ. ಹೆರಿಗೆ ಕಷ್ಟವಾದರೆ ದೊಡ್ಡ ಡಾಕ್ಟರನ್ನು ಕೇಳಲು ಒಬ್ಬರು ಎರಡು ಗಂಟೆ ನಡೆದು ಫೋನ್ ಸಿಗುವ ಜಾಗಕ್ಕೆ ಬರಬೇಕು. ಹದಿನಾಲ್ಕು ತಿಂಗಳು ತಡವಾದರೆ ತಂಗಿ ಕಾಯಬಲ್ಲಳು. ಇಷ್ಟು ದಿನ ಕಾದಿದ್ದಾಳೆ. ಮೇಲೆ ಹೋಗಿ ಇದು ಮೂಕವಾದರೆ? ಟೈಲರಮ್ಮ ಎದ್ದಳು. ಕಾಲು ಜೋಮು ಹಿಡಿದಿತ್ತು.

ಮುಖ್ಯ ಎಂಜಿನಿಯರ್ ‘ದೊಡ್ಡ ಮೇಡಂ’ ತಲೆ ನರೆತ, ಕಡಿಮೆ ಮಾತಿನ ಹೆಂಗಸು. ಗಾಜಿನ ಗೋಡೆಯಾಚೆ ಯಾರೊಡನೆಯೋ ಮಾತಾಡುತ್ತಿದ್ದರು. ಮುರಿದ ಸೂಜಿ ನೋಡಿದ್ದೇ ಅವರಿಗೆ ಎಲ್ಲ ಅರ್ಥವಾಯಿತು.

“ಖಂಡಿತಾ ಸಿಗಲಿಲ್ವಾ?”

“ಇಲ್ಲ ಮೇಡಂ. ತಪ್ಪು ನಂದೇ. ಸೂಜಿ ಬದಲಾಯಿಸ್ಬೇಕಿತ್ತು. ಇನ್ನು ಹನ್ನೊಂದೇ ಹೊಲಿಗೆ ಅಂತ...”

ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಆಮೇಲೆ ಹೇಳಿದ್ದು ಒಂದೇ ಮಾತು. “ಬಿಚ್ಚಿ.”

ಮೂರು ವಾರದ ಹೊಲಿಗೆ ಬಿಚ್ಚಲು ನಾಲ್ಕು ದಿನ ಹಿಡಿಯಿತು. ಒಂದೊಂದು ಹೊದಿಕೆಯನ್ನೂ ಎಕ್ಸ್‌ರೇ ಯಂತ್ರದಡಿ ಇಟ್ಟು ನೋಡಿದರು. ತಂತಿಗಳ ಮಧ್ಯೆ ತಲೆ ತೂರಿಸಿ ಮೀಟರ್ ಇಂಚಿಂಚೂ ಹುಡುಕಿದ. ಅವಳೊಡನೆ ಅವನು ಮಾತು ಬಿಟ್ಟಿದ್ದ. ಊಟದ ಹೊತ್ತಿಗೆ ಅವಳು ಹೋದ ಮೇಜಿನಲ್ಲಿ ಮಾತು ನಿಲ್ಲುತ್ತಿತ್ತು. ಮನೆಯಲ್ಲಿ ಅತ್ತೆ ಮಾತ್ರ, “ಬಿಚ್ಚಿದ್ರೆ ಬಿಚ್ಚಲಿ ಬಿಡು. ನಾನು ನಿನ್ನ ಗಂಡನ ಸ್ವೆಟರ್ ಏಳು ಸಲ ಬಿಚ್ಚಿಲ್ವಾ? ಈಗಲೂ ತೋಳು ಉದ್ದ,” ಎಂದರು. ಅವಳಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು.

ನಾಲ್ಕನೆಯ ದಿನ ಮಧ್ಯಾಹ್ನದವರೆಗೂ ಏನೂ ಸಿಗಲಿಲ್ಲ. ಮೇಡಂ ತಾವೇ ಬಂದರು. ತಳದ ಭಾಗ ನೋಡಬೇಕೆಂದು, ಅವತ್ತಿನಿಂದ ಅಲ್ಲೇ ಬಿದ್ದಿದ್ದ ಅವಳ ಮೆತ್ತೆಯನ್ನು ಎಳೆದುಕೊಂಡು ಮಂಡಿಯೂರಿದರು.

“ಅಯ್ಯಮ್ಮಾ!”

ಆ ಸದ್ದಿಲ್ಲದ ಕೋಣೆಯಲ್ಲಿ ಅಂಥ ಕೂಗನ್ನು ಯಾರೂ ಕೇಳಿರಲಿಲ್ಲ. ಮೇಡಂ ಮಂಡಿ ಹಿಡಿದುಕೊಂಡು ನೆಲದ ಮೇಲೆಯೇ ಕೂತುಬಿಟ್ಟಿದ್ದರು. ಬಿಳಿ ಉಡುಪಿನ ಮೇಲೆ ಸಾಸಿವೆಯಷ್ಟು ರಕ್ತ. ಮೆತ್ತೆಯ ಸ್ಪಂಜಿನೊಳಗೆ ಪೂರ್ತಿ ಇಳಿದು ಅಡಗಿದ್ದ ತುದಿ ಅವರ ಭಾರಕ್ಕೆ ಮೇಲೆದ್ದಿತ್ತು. ಚಿಮಟದಿಂದ ಅದನ್ನು ಹಿಡಿದು ಮೀಟರ್ ಮುರಿದ ಸೂಜಿಗೆ ಜೋಡಿಸಿದ. ಸರಿಯಾಗಿ ಕೂತಿತು.

ಟೈಲರಮ್ಮನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಉಪಗ್ರಹದೊಳಗೆ ಅದು ಯಾವತ್ತೂ ಇರಲೇ ಇಲ್ಲ.

“ಅಂದ್ರೆ, ನಾಲ್ಕು ದಿನ ನಾವು ಮಾಡಿದ್ದೆಲ್ಲ ದಂಡ,” ಎಂದ ಮೀಟರ್.

ಮೇಡಂ ಇನ್ನೂ ಮಂಡಿ ಉಜ್ಜುತ್ತಿದ್ದರು. “ಒಳಗೇನೂ ಇಲ್ಲ ಅಂತ ಮೊನ್ನೆವರೆಗೂ ನಂಬಿದ್ದೆ ಅಷ್ಟೇ. ಇವತ್ತು ಗೊತ್ತಿದೆ. ಎರಡೂ ಒಂದೇನಾ?” ಎಂದರು. ಹಾಗೆಂದವರೇ ನಗಲು ಶುರುಮಾಡಿದರು. ನಗು ಒಬ್ಬರಿಂದೊಬ್ಬರಿಗೆ ಹಬ್ಬಿತು. ಕೊನೆಗೆ ಮೀಟರ್ ಕೂಡ ಮೂಗಿನ ಬಟ್ಟೆಯ ಹಿಂದೆ ಹಲ್ಲು ಬಿಟ್ಟದ್ದು ಅವನ ಕಣ್ಣಿನಲ್ಲೇ ತಿಳಿಯಿತು.

“ಎಷ್ಟು ದಿನ ಬೇಕು ನಿಮಗೆ?” ಮೇಡಂ ಅವಳನ್ನು ಕೇಳಿದರು.

“ಮೂರು ವಾರದ ಕೆಲಸ ಮೇಡಂ.” ಅವಳು ಸ್ವಲ್ಪ ಯೋಚಿಸಿದಳು. “ಅಳತೆ ಎಲ್ಲಾ ಕೈಗೆ ಬಂದಿದೆ. ಹಿಡಿದುಕೊಳ್ಳೋಕೆ ಜನ ಕೊಟ್ರೆ ಐದು ದಿನ.”

ಹಿಡಿದುಕೊಳ್ಳಲು ಮೊದಲು ಬಂದವನು ಮೀಟರ್. ಹೊದಿಕೆಯ ಅಂಚನ್ನು ಎರಡೂ ಕೈಯಲ್ಲಿ ಚಾಚಿ ಹಿಡಿದು, ಉಸಿರು ಬಿಗಿಹಿಡಿದು ನಿಂತ. “ಉಸಿರಾಡಪ್ಪಾ, ಅದಕ್ಕೇನೂ ಅಡ್ಡಿಯಿಲ್ಲ,” ಎಂದಳು. ಪ್ರತಿ ನೂರು ಹೊಲಿಗೆಗೆ ಒಂದು ಹೊಸ ಸೂಜಿ. ಐದನೆಯ ದಿನ ಸಂಜೆ ಕೊನೆಯ ಗಂಟು ಹಾಕಿ ದಾರ ಕತ್ತರಿಸಿದಾಗ ಅವಳ ಬೆರಳುಗಳು ತಾವಾಗಿ ನೆಟ್ಟಗಾಗಲಿಲ್ಲ. ಹಡಗಿಗೆ ಇನ್ನೊಂದೇ ದಿನವಿತ್ತು.

ಮರುದಿನ ಬೆಳಿಗ್ಗೆ ಉಪಗ್ರಹದ ಪೆಟ್ಟಿಗೆ ಹೊತ್ತ ಲಾರಿ ಅವಳ ಮನೆಯ ಬೀದಿಯ ಮೇಲೆಯೇ ಬಂದರಿಗೆ ಹೊರಟಿತು. ಜನ ಮನೆಬಾಗಿಲಲ್ಲಿ, ಮಹಡಿಯ ಮೇಲೆ ನಿಂತಿದ್ದರು. ಅತ್ತೆ ಅವಳ ತೋಳು ಹಿಡಿದುಕೊಂಡು ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿದರು. “ಇದರೊಳಗಾ ಇರೋದು? ಒಂದು ಕಿಟಕಿನಾದ್ರೂ ಇಡಬಾರದಾ?”

ಪೆಟ್ಟಿಗೆಯ ಎತ್ತರಕ್ಕೆ ಬೀದಿಯ ಕರೆಂಟು ತಂತಿಗಳು ಅಡ್ಡ ಬರುತ್ತಿದ್ದವು. ಲೈನ್‌ಮನ್‌ಗಳು ಲಾರಿಯ ಎರಡೂ ಬದಿ ನಡೆಯುತ್ತ, ಉದ್ದದ ಕೋಲುಗಳಿಂದ ಒಂದೊಂದೇ ತಂತಿಯನ್ನು ಮೆಲ್ಲಗೆ ಎತ್ತಿ ಹಿಡಿಯುತ್ತಿದ್ದರು. ಅಡಿಯಲ್ಲಿ ಲಾರಿ ನಡಿಗೆಯ ವೇಗದಲ್ಲಿ ನುಸುಳಿ ಮುಂದೆ ಹೋಯಿತು. ಅದು ತಿರುವಿನಲ್ಲಿ ಮರೆಯಾಗಿ, ಜನ ಒಳಗೆ ಹೋದ ಮೇಲೂ ತಂತಿಗಳು ಬಿಸಿಲಿನಲ್ಲಿ ಸ್ವಲ್ಪ ಹೊತ್ತು ತೂಗಾಡುತ್ತಲೇ ಇದ್ದವು.